ಕಿವಿಯ ಹಿಂದೆ ಉಳಿದ ಬಿಳಿ ಬಣ್ಣ: ಕೇಡಿ ಜೋಕರ್‌ನನ್ನು ಕನಸಿನಲ್ಲಿ ಹಿಡಿದ ನನ್ನ ಅನುಭವ

ಹೋದ ತಿಂಗಳು ನನ್ನ ಭಯದ ಕಾದಂಬರಿಯ ಎರಡನೇ ಮುದ್ರಣ ಬಂತು. ನಗಿಸುವ ವೇಷದಲ್ಲಿ ಬಂದು ಹೆದರಿಸುವ ಕೇಡಿ ಜೋಕರ್‌ನ ಕತೆ ಅದು. ಮೊದಲ ಮುದ್ರಣದ ಸಾವಿರ ಪ್ರತಿ ಹೆಚ್ಚುಕಡಿಮೆ ಐದು ತಿಂಗಳಲ್ಲಿ ಖಾಲಿಯಾಯಿತು. ಕೇಡಿ ಜೋಕರ್ ಕತೆ ಹಳಸಿದ ಸರಕು, ಇನ್ಮೇಲೆ ಯಾರೂ ಮುಟ್ಟಲ್ಲ ಎಂದು ನನಗೆ ಹೇಳಿದವರು ಕನಿಷ್ಠ ಎಂಟು ಜನ. ಕನಸು ಹಿಡಿದು ಕತೆ ಬರೀತೀನಿ ಅಂದಾಗ ನಕ್ಕವರು ಇನ್ನೂ ಜಾಸ್ತಿ. ನನಗಿಂತ ಚಿಕ್ಕವನಾದ ಒಬ್ಬ ಬರಹಗಾರ ಗೆಳೆಯ, "ಅಣ್ಣಾ, ಕನಸು ಹಲ್ಲುಜ್ಜೋ ಹೊತ್ತಿಗೆ ಮರೆತುಹೋಗುತ್ತೆ. ಅದನ್ನು ನಂಬಿಕೊಂಡು ಎರಡು ವರ್ಷ ಹಾಕ್ತೀರಾ?" ಅಂದಿದ್ದ. ಈಗ ಅವನೇ ಫೋನ್ ಮಾಡಿ ಹೇಗೆ ಮಾಡಿದ್ರಿ ಅಂತ ಕೇಳಿದ. ಅದಕ್ಕೇ ಬರೆಯುತ್ತಿದ್ದೇನೆ.

ಭಯದ ಕತೆ ಬರೆಯುವವರಿಗೆ ಕನಸಿನ ಡೈರಿ, ಅಂದರೆ ಎದ್ದ ಕೂಡಲೇ ಕನಸು ಬರೆದಿಡುವುದು, ಹೊಸದಲ್ಲ. ಆ ಪಾಠ ಬಿಟ್ಟು ನೇರ ಸೋಲಿಗೆ ಬರುತ್ತೇನೆ.

ಈ ಕಾದಂಬರಿಗೂ ಮುಂಚೆ, ಮೊದಲ ಸಲ ಜೋಕರ್ ಕತೆ ಬರೆದಾಗ ನನ್ನ ಜೋಕರ್‌ಗೆ ಎಲ್ಲವೂ ಇತ್ತು. ಚೂಪು ಹಲ್ಲು, ಕಿವಿಯ ತನಕ ಸೀಳಿದ ಬಾಯಿ, ಬಲೂನು, ಕತ್ತಲಲ್ಲಿ ಕೇಳುವ ನಗು. ಸ್ವಂತ ದುಡ್ಡಲ್ಲಿ 500 ಪ್ರತಿ ಹಾಕಿಸಿದೆ. ಎರಡೂವರೆ ತಿಂಗಳ ದುಡಿಮೆ ಅದಕ್ಕೇ ಹೋಯಿತು. ಮಾರಾಟವಾಗಿದ್ದು 170, ಇಲ್ಲ 180 ಇರಬೇಕು. ಅದರಲ್ಲೂ ಅರ್ಧ ಪರಿಚಯದವರೇ ತೆಗೆದುಕೊಂಡಿದ್ದು. ಉಳಿದ ಕಟ್ಟುಗಳು ಈಗಲೂ ಮಂಚದ ಕೆಳಗಿವೆ. ಒಬ್ಬ ಓದುಗರು ಬರೆದಿದ್ದ ಒಂದು ಸಾಲು ಮಾತ್ರ ಬಹಳ ದಿನ ಕಾಡಿತು: "ನಿಮ್ಮ ಜೋಕರ್ ಬಂದ ಕೂಡಲೇ ನನಗೆ ಸಮಾಧಾನ ಆಯ್ತು. ಮುಂದೇನು ಅಂತ ಗೊತ್ತಾಯ್ತಲ್ಲ."

ತಪ್ಪು ಎಲ್ಲಿದೆ ಎಂದು ಹುಡುಕುತ್ತಾ ಹಳೆಯ ಜೋಕರ್‌ಗಳ ಬದುಕು ಓದಿದೆ. ಲಂಡನ್ನಿನ ರಂಗಭೂಮಿಯ ಜೋಸೆಫ್ ಗ್ರಿಮಾಲ್ಡಿ, 1778ರಲ್ಲಿ ಹುಟ್ಟಿದವನು. ಬಿಳಿ ಮುಖ, ಕೆನ್ನೆಯ ಮೇಲೆ ಕೆಂಪು ಎನ್ನುವ ವೇಷಕ್ಕೆ ಹೆಸರು ತಂದವನು ಅವನೇ. ಜನರನ್ನು ನಗಿಸಲು ಬಿದ್ದು ಎದ್ದು ಮೈಯೆಲ್ಲ ಹಾಳಾಯಿತು. ಮಗ ಕುಡಿತಕ್ಕೆ ಬಿದ್ದು ಅಪ್ಪನಿಗಿಂತ ಮೊದಲೇ ಸತ್ತ. ಆದರೆ ನನ್ನನ್ನು ನಿಲ್ಲಿಸಿದ್ದು ಪ್ಯಾರಿಸ್ಸಿನ ಡೆಬ್ಯೂರೋ. ಬಿಳಿ ಮುಖದ ಮೂಕ ಪಾತ್ರಕ್ಕೆ ಊರಿಗೆಲ್ಲ ಗೊತ್ತಿದ್ದ ನಟ. 1836ರಲ್ಲಿ ಬೀದಿಯಲ್ಲಿ ಒಬ್ಬ ಹುಡುಗ ಅಣಕಿಸಿದ ಅಂತ ಕೈಯಲ್ಲಿದ್ದ ಬೆತ್ತದಿಂದ ಹೊಡೆದ. ಹುಡುಗ ಸತ್ತುಹೋದ. ಕೋರ್ಟು ಡೆಬ್ಯೂರೋನನ್ನು ಬಿಟ್ಟಿತು. ಹೊಡೆದಾಗ ಅವನು ವೇಷದಲ್ಲಿರಲಿಲ್ಲ. ಮನೆಯವರ ಜೊತೆ ಸುಮ್ನೆ ತಿರುಗಾಡಲು ಹೊರಟಿದ್ದ. ಅಂದರೆ ಆ ಬೆತ್ತ ಎತ್ತಿದ್ದು ಬಣ್ಣ ತೊಳೆದುಕೊಂಡ ಮನುಷ್ಯ. ನಾನು ಮುನ್ನೂರು ಪುಟ ಬರೀ ಬಣ್ಣದ ಮೇಲೇ ಬರೆದಿದ್ದೆ.

ಇದು ತಲೆಗೆ ಹೋಯಿತು, ಬರವಣಿಗೆಗೆ ಬರಲಿಲ್ಲ. ಆಗ ಕನಸಿಗೆ ಕೈ ಹಾಕಿದೆ.

ಮೊದಲ ಮೂರು ವಾರ ಪೂರ್ತಿ ದಂಡ. ಕನಸು ಹೆಚ್ಚಾಗಿ ಬೀಳುವ, ಕಣ್ಣುಗುಡ್ಡೆ ಜೋರಾಗಿ ಓಡಾಡುವ ನಿದ್ದೆಯನ್ನು ಶಿಕಾಗೋದ ಸಂಶೋಧಕರು ಗುರುತಿಸಿ 1953ರಲ್ಲಿ ಪ್ರಕಟಿಸಿದರು. ಅದು ಸರಿಸುಮಾರು 90 ನಿಮಿಷಕ್ಕೊಮ್ಮೆ ಮರಳುತ್ತದೆ ಎಂದು ಓದಿ, 90 ನಿಮಿಷಕ್ಕೊಂದು ಅಲಾರಂ ಇಟ್ಟೆ. ರಾತ್ರಿಗೆ ನಾಲ್ಕು ಸಲ ಏಳುವುದು. ಹಗಲು ತಲೆ ಕಲ್ಲಿನಂತಾಗುತ್ತಿತ್ತು. ಒಂದು ಅನುವಾದದ ಕೆಲಸ ಗಡುವು ಮೀರಿ ಕೈತಪ್ಪಿತು. ಅದರಲ್ಲೇ ಮುಕ್ಕಾಲು ತಿಂಗಳ ಆದಾಯ ಹೋಯಿತು. ಅಷ್ಟು ಸಾಲದು ಅಂತ ನಿದ್ದೆ ಅಳೆಯುವ ತಲೆಪಟ್ಟಿಯೊಂದನ್ನೂ ಕೊಂಡೆ. ನಾನು ಎದ್ದು ಕೂತು ಬರೆಯುತ್ತಿದ್ದಾಗಲೂ ಗಾಢ ನಿದ್ದೆ ಎಂದು ತೋರಿಸಿತು. ದಯವಿಟ್ಟು ಅದಕ್ಕೆ ದುಡ್ಡು ಹಾಕಬೇಡಿ.

ಕನಸಿನ ನಿದ್ದೆ ರಾತ್ರಿಯ ಮೊದಲ ಭಾಗದಲ್ಲಿ ಕೆಲವೇ ನಿಮಿಷ, ಬೆಳಗಿನ ಜಾವಕ್ಕೆ ಉದ್ದ. ಇದನ್ನು ಓದಿದ್ದೆ, ಆದರೆ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮೊದಲ ಮೂರು ಅಲಾರಂ ತೆಗೆದುಹಾಕಿದೆ. ಮಲಗಿ ಆರು ಗಂಟೆಯಾದ ಮೇಲೆ ಒಂದು, ಏಳೂವರೆ ಗಂಟೆಯಾದ ಮೇಲೆ ಇನ್ನೊಂದು. ಅಷ್ಟೇ. ಅಲ್ಲಿಂದ ಕನಸು ಸಿಗಲು ಶುರುವಾಯಿತು. ಎಚ್ಚರವಾದಾಗ ಮೈ ಅಲುಗಾಡಿಸಬಾರದು. ಮಗ್ಗುಲು ಬದಲಿಸಿದರೆ ಅರ್ಧ ಹೋಯಿತು. ಕಣ್ಣು ಮುಚ್ಚಿಕೊಂಡೇ ಕೊನೆಯ ಚಿತ್ರದಿಂದ ಹಿಂದಕ್ಕೆ ಹೋಗಬೇಕು. ಬರೆಯುವಾಗ ನಡೆದಿದ್ದನ್ನು ಆಮೇಲೆ ಬರೆಯಿರಿ, ಎದೆಯಲ್ಲಿ ಹೇಗಿತ್ತು ಎಂಬುದನ್ನು ಮೊದಲ ಸಾಲಿಗೆ ಹಾಕಿ. ನನ್ನ ಮಟ್ಟಿಗೆ ಕೆಲಸ ಮಾಡಿದ್ದು ಇದೇ.

ಜೋಕರ್ ಬರಲಿ ಎಂದು ಮಲಗುವ ಮುಂಚೆ ನಾನು ಮಾಡುವ ಒಂದು ಕೆಲಸವೂ ಇದೆ. ಅದನ್ನು ಇಲ್ಲಿ ಹೇಳುವುದಿಲ್ಲ. ಮುಂದಿನ ಪುಸ್ತಕ ಅದರ ಮೇಲೇ ನಿಂತಿದೆ.

ಹದಿನಾಲ್ಕು ತಿಂಗಳಲ್ಲಿ 230ರ ಆಸುಪಾಸು ಕನಸು ಬರೆದೆ. ಜೋಕರ್ ಬಂದಿದ್ದು ಹತ್ತೋ ಹನ್ನೊಂದೋ ಸಲ. ಒಮ್ಮೆಯೂ ಹಲ್ಲು ತೋರಿಸಲಿಲ್ಲ. ಕಾದಂಬರಿಯನ್ನು ಎತ್ತಿ ನಿಲ್ಲಿಸಿದ ಕನಸು ಇದು. ಒಂದು ಅಡುಗೆಮನೆ. ಅವನು ಸ್ಟೂಲಿನ ಮೇಲೆ ಕೂತು ದೊಡ್ಡ ಬೂಟು ಬಿಚ್ಚುತ್ತಿದ್ದ. ಮುಖ ತೊಳೆದುಕೊಂಡು ಬಂದಿದ್ದ, ಯಾವ ಬಣ್ಣವೂ ಇಲ್ಲ. ಗುರುತಿಲ್ಲದ ಮುಖ. ಆದರೆ ಅವನು ನನ್ನ ಚಿಕ್ಕಪ್ಪ ಎಂಬುದರಲ್ಲಿ ನನಗೆ ಒಂದಿಷ್ಟೂ ಅನುಮಾನ ಇರಲಿಲ್ಲ. ನಾನು ನೆಲದ ಮೇಲೆ ಕೂತು ಬೂಟಿನ ದಾರ ಎಳೆಯುತ್ತಿದ್ದೆ. ದಾರ ಮುಗಿಯುತ್ತಲೇ ಇರಲಿಲ್ಲ. ಅವನು ಬಗ್ಗಿದಾಗ ಕಿವಿಯ ಹಿಂದೆ ತೊಳೆಯದೆ ಉಳಿದ ಒಂದು ಬಿಳಿ ಗೆರೆ ಕಂಡಿತು. "ನಿಧಾನ ಮಗಾ, ಅವಸರ ಇಲ್ಲ" ಅಂದ. ಎದ್ದಾಗ ದಿಂಬು ಒದ್ದೆ. ಡೈರಿಯ ಮೊದಲ ಸಾಲಲ್ಲಿ ಬರೆದಿದ್ದು: ಸಹಾಯ ಮಾಡುತ್ತಿದ್ದೆ.

ಕನಸಿನಲ್ಲಿ ಯಾರೂ "ಇದು ಹೇಗೆ ಸಾಧ್ಯ?" ಅನ್ನುವುದಿಲ್ಲ, ಅಲ್ವಾ? ಆ ನಿದ್ದೆಯಲ್ಲಿ ತೂಗಿ ನೋಡುವ ಮುಂಮೆದುಳಿನ ಭಾಗಗಳು ಮಂಕಾಗಿರುತ್ತವೆ, ಭಯದ ಜೊತೆ ನಂಟಿರುವ ಭಾಗ ಚುರುಕಾಗಿರುತ್ತದೆ. ನನ್ನ ಹಳೆಯ ಕತೆಯಲ್ಲಿ ಎಲ್ಲರೂ ಜೋಕರ್‌ನನ್ನು ಕಂಡು ಬೆಚ್ಚುತ್ತಿದ್ದರು, ಕಿರುಚುತ್ತಿದ್ದರು. ಕರಡು ತೆಗೆದು 'ಇದ್ದಕ್ಕಿದ್ದಂತೆ' ಎಂಬ ಪದ ಎಣಿಸಿದೆ. ಅರವತ್ತರ ಮೇಲಿತ್ತು. ಎಲ್ಲವನ್ನೂ ಹೊಡೆದುಹಾಕಿದೆ. ಹೊಸ ಕರಡಿನಲ್ಲಿ ಜೋಕರ್ ಬಂದರೆ ಮನೆಯವರು ಕುರ್ಚಿ ಎಳೆದು ಕೊಡುತ್ತಾರೆ. ಮುಖ ಬೇರೆ, ಆದರೂ ಇವನು ನಮ್ಮವನೇ ಎಂಬ ಕನಸಿನ ಖಾತರಿ ಅವರಿಗಿದೆ. ಬೆಚ್ಚುವ ಕೆಲಸವನ್ನು ಓದುಗರಿಗೆ ಬಿಟ್ಟೆ. ಅವರು ಚೆನ್ನಾಗಿಯೇ ಬೆಚ್ಚಿದರು.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಚಿತ್ರಕಾರ ಸಾಲ್ವಡಾರ್ ಡಾಲಿ ಕೈಯಲ್ಲಿ ಬೀಗದ ಕೈ ಹಿಡಿದು ಕುರ್ಚಿಯಲ್ಲೇ ತೂಕಡಿಸಿ, ಅದು ತಟ್ಟೆಗೆ ಬಿದ್ದ ಸದ್ದಿಗೆ ಏಳುವ ಉಪಾಯ ಬರೆದಿದ್ದಾನೆ. ನಾನು ಚಮಚದಲ್ಲಿ ಮಾಡಿದೆ. ಆಕಾರ, ಬಣ್ಣ, ಯಾರೋ ಕರೆದ ಹಾಗೆ ದನಿ, ಇಷ್ಟೇ ಸಿಕ್ಕಿದ್ದು. ಆ ದನಿ ನಾಲ್ಕನೇ ಅಧ್ಯಾಯಕ್ಕೆ ಒದಗಿತು.

ಇನ್ನೊಂದು, ಇದು ಕನಸು ಎಂದು ಕನಸಿನೊಳಗೇ ತಿಳಿಯುವುದು. 1975ರಲ್ಲಿ ಕೀತ್ ಹರ್ನ್ ಎಂಬ ಸಂಶೋಧಕ ಹಾಗೆ ತಿಳಿದವನೊಬ್ಬನ ಕಣ್ಣಿನ ಸನ್ನೆಯನ್ನು ನಿದ್ದೆಯಲ್ಲೇ ದಾಖಲಿಸಿದ್ದ. ಜೋಕರ್‌ನನ್ನೇ ನೇರ ಮಾತಾಡಿಸೋಣ ಎಂದು ನಾನೂ ನಾಲ್ಕು ತಿಂಗಳು ಹಟ ಹಿಡಿದೆ. ಮೂರು ಸಲ ಮಾತ್ರ ಆಯಿತು. ಕೊನೆಯ ಸಲ ಅವನು ಎದುರಿಗೇ ಇದ್ದ. ಇದು ಕನಸು ಎಂದು ಹೊಳೆದ ಕ್ಷಣ ಅವನ ತಲೆಯ ಮೇಲಿದ್ದದ್ದು ಬರೀ ಟೋಪನ್ನಿನಂತೆ ಕಂಡಿತು. ಭಯ ಅಲ್ಲೇ ಇಳಿದುಹೋಯಿತು. ಕೇಳಬೇಕೆಂದಿದ್ದ ಪ್ರಶ್ನೆಯೂ ಮರೆಯಿತು. ಎದ್ದು, ನಾಯಕಿಗೆ ಜೋಕರ್‌ನ ಗುಟ್ಟು ತಿಳಿಯುವ ಅಧ್ಯಾಯವನ್ನು ಪೂರ್ತಿ ಕಿತ್ತುಹಾಕಿದೆ. ಇಪ್ಪತ್ತೆರಡು ಪುಟ. ಅದರ ಜಾಗಕ್ಕೆ ಏನನ್ನೂ ಸೇರಿಸಲಿಲ್ಲ.

ಲೆಕ್ಕ ಹೇಳಬೇಕೆಂದರೆ, ಕೈತಪ್ಪಿದ ಕೆಲಸ, ತಲೆಪಟ್ಟಿ, ಮೊದಲ 500 ಪ್ರತಿ ಎಲ್ಲ ಸೇರಿ ಸುಮಾರು ನಾಲ್ಕು ತಿಂಗಳ ದುಡಿಮೆ ಕಳೆದುಕೊಂಡೆ. ಹೊಸ ಪುಸ್ತಕದ ಗೌರವಧನದಲ್ಲಿ ಮುಕ್ಕಾಲು ಪಾಲು ಈಗಾಗಲೇ ವಾಪಸ್ ಬಂದಿದೆ. ಎರಡನೇ ಮುದ್ರಣ ಉಳಿದಿದ್ದನ್ನು ತುಂಬಿಕೊಡುತ್ತದೆ.

ಮುಖಪುಟಕ್ಕೆ ಮಾತ್ರ ದೊಡ್ಡ ಜಗಳವೇ ಆಯಿತು. ಪ್ರಕಾಶಕರಿಗೆ ಹಲ್ಲು ಕಿರಿಯುವ ಜೋಕರ್ ಬೇಕಿತ್ತು, ಇಲ್ಲದಿದ್ದರೆ ಕೈಗೆ ಎತ್ತಿಕೊಳ್ಳುವವರಿಲ್ಲ ಅಂದರು. ನಾನು ಒಪ್ಪಲಿಲ್ಲ. ಬೇರೆ ಕಲಾವಿದರಿಗೆ ನನ್ನ ಗೌರವಧನದಿಂದಲೇ ಕೊಟ್ಟು ಬರೆಸಿದೆ. ಹಿಂದಿನಿಂದ ಕಾಣುವ ಒಬ್ಬ ಗಂಡಸಿನ ತಲೆ, ಒದ್ದೆ ಕೂದಲು, ಒಂದು ಕಿವಿ. ಬಿಳಿ ಗೆರೆ ಎಷ್ಟು ದಪ್ಪ ಇರಬೇಕೆಂದು ನಾಲ್ಕು ಸಲ ತಿದ್ದಿದೆವು. ಕೊನೆಗೆ ಉಗುರಿನ ಅಂಚಿನಷ್ಟು ಉಳಿಸಿಕೊಂಡೆವು.