ದುರ್ಗದ ಒಣಹವೆಯಲ್ಲಿ ಜೋಡಿಮೀನಿನ ನೀರು

ಬೌದ್ಧರ ಎಂಟು ಶುಭಚಿಹ್ನೆಗಳಾದ ಅಷ್ಟಮಂಗಲದಲ್ಲಿ ಒಂದಾದ ಜೋಡಿಮೀನು ಮೊದಲು ಗಂಗೆ-ಯಮುನೆಯರ ಗುರುತಾಗಿತ್ತು. ಆಮೇಲೆ ಸಂಸಾರಸಾಗರದಲ್ಲಿ ಮುಳುಗುವ ಭಯವಿಲ್ಲದೆ ಓಡಾಡುವ ಜೀವದ ಗುರುತಾಯಿತು. ಚಿತ್ರದಲ್ಲಿ ನೀರು ಕೆಟ್ಟರೆ ಆ ಅರ್ಥವೂ ಕೆಟ್ಟಿತು. ಮೀನು ಅಂಟಿಸಿದ ಚೀಟಿಯಂತೆ ಕೂರುತ್ತದೆ. ಚಿತ್ರದುರ್ಗದಲ್ಲಿ ಥಂಕಾ (ಬಟ್ಟೆಯ ಮೇಲೆ ಬರೆಯುವ ಟಿಬೆಟಿನ ಬೌದ್ಧ ಚಿತ್ರ) ಪದ್ಧತಿಯ ನೀರನ್ನು ನಾನು ಬರೆಯುವುದು ಹೀಗೆ.

ಗಂಜಿ ಹೋಗುವಂತೆ ಒಗೆದ ತೆಳು ಹತ್ತಿಬಟ್ಟೆಯನ್ನು ಚೌಕಟ್ಟಿಗೆ ದಾರದಿಂದ ಬಿಗಿಯುತ್ತೇನೆ. 10 ಗ್ರಾಂ ಮರವಜ್ರವನ್ನು (ಪ್ರಾಣಿಚರ್ಮದ ಅಂಟು) 120 ಮಿ.ಲೀ. ನೀರಲ್ಲಿ ರಾತ್ರಿಯಿಡೀ ನೆನೆಸಿ, ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಬೇಕು. ಕುದಿಸಿದರೆ ಹಿಡಿತ ಹೋಗುತ್ತದೆ. ಅದಕ್ಕೆ ಸೀಮೆಸುಣ್ಣದ ನಯಪುಡಿ ಬೆರೆಸಿ ಗಟ್ಟಿಮಜ್ಜಿಗೆಯ ಹದ ಮಾಡಿ, ಎರಡೂ ಬದಿಗೆ ಮೂರು ಮೂರು ತೆಳುಲೇಪ ಕೊಟ್ಟು, ನೀರು ಚಿಮುಕಿಸಿ ನುಣುಪುಗಲ್ಲಿನಿಂದ ಉಜ್ಜುತ್ತೇನೆ. ಅಂಟು ಹೆಚ್ಚಾದರೆ ಬಟ್ಟೆ ಸುತ್ತಿದಾಗ ಲೇಪ ಬಿರಿಯುತ್ತದೆ, ಕಡಿಮೆಯಾದರೆ ನೀಲಿಯನ್ನು ಹೀರಿಕೊಂಡು ಅಂಚು ಒಡೆಯುತ್ತದೆ.

ತಿಳಿನೀಲಿಯ ತಳ ಒಣಗಿದ ಮೇಲೆ ನಿಜವಾದ ಕೆಲಸ. ಪ್ರತಿ ಅಲೆಯ ಬುಡದಿಂದ ಮೇಲಕ್ಕೆ ಇಂಡಿಗೊ ನೀಲಿಯನ್ನು ಚಹಾ ಬಣ್ಣದಷ್ಟು ತೆಳುವಾಗಿ, ಇಪ್ಪತ್ತು ಸಲವಾದರೂ ಎಳೆಯಬೇಕು. ಒಂದು ಕುಂಚದಲ್ಲಿ ಬಣ್ಣ, ಇನ್ನೊಂದರಲ್ಲಿ ಬರೀ ತೇವ. ಬಣ್ಣದ ಅಂಚು ಒಣಗುವ ಮೊದಲೇ ತೇವದ ಕುಂಚ ಅದನ್ನು ಕರಗಿಸಬೇಕು. ಏಪ್ರಿಲ್ ತಿಂಗಳ ಮಧ್ಯಾಹ್ನ ಇದು ಆಗದ ಮಾತು. ಕೈ ಎತ್ತುವುದರೊಳಗೆ ಗೆರೆ ಕಟ್ಟುತ್ತದೆ, ಅದನ್ನು ತಿದ್ದಲು ಹೋದರೆ ತಳವೇ ಎದ್ದು ಬರುತ್ತದೆ. ಹಾಗಾಗಿ ಬೆಳಗ್ಗೆ ಒಂಬತ್ತರೊಳಗೆ, ಕಿಟಕಿಗೆ ಒದ್ದೆ ಗೋಣಿ ಕಟ್ಟಿ, ಫ್ಯಾನ್ ನಿಲ್ಲಿಸಿ, ಒಮ್ಮೆಗೆ ಅಂಗೈಯಗಲ ಮಾತ್ರ. ಅಲೆಯ ಆಕಾರಕ್ಕೆ ಚಂದ್ರವಳ್ಳಿ ಕೆರೆ ನೋಡಿ ಪ್ರಯೋಜನವಿಲ್ಲ; ಅದು ಪರಂಪರೆಯ ಸುರುಳಿ, ಅಭ್ಯಾಸದಿಂದಲೇ ಕೈಗೆ ಬರಬೇಕು. ಮೀನಿಗೆ ಮಾತ್ರ ಸಂತೆಯ ಗೆಂಡೆಯೇ ಒಳ್ಳೆಯ ಮಾದರಿ.

ಅಷ್ಟಮಂಗಲದ ಇನ್ನೊಂದು ಚಿಹ್ನೆಯಾದ ಶಂಖದಲ್ಲಿ ಬಹಳ ಜನ ತಪ್ಪುತ್ತಾರೆ. ಬೇಕಾದದ್ದು ಬಲಮುರಿ. ನೀರು ಸುರಿಯುವ ಚೂಪುತುದಿ ಮೇಲೆ ಬರುವಂತೆ ಹಿಡಿದಾಗ ಬಾಯಿ ಬಲಕ್ಕೆ ತೆರೆದಿರಬೇಕು. ಅಂಗಡಿಯ ಸಾಮಾನ್ಯ ಶಂಖ ನೋಡಿ ಹಾಗೆಯೇ ಬರೆದರೆ ಎಡಮುರಿಯಾಗುತ್ತದೆ. ಅದರ ಚಿತ್ರವನ್ನು ಟ್ರೇಸಿಂಗ್ ಹಾಳೆಗೆ ಇಳಿಸಿ, ಹಾಳೆ ಮಗುಚಿ ಎತ್ತಿಕೊಳ್ಳಿ.

ಮೀನಿನ ಚಿನ್ನ ಕೊನೆಗೆ. ಚಿನ್ನದ ಪುಡಿಗೆ ಅಂಟು ತುಸುವೇ ಸಾಕು, ಹೆಚ್ಚಾದರೆ ಮಂಕು. ಪೂರ್ತಿ ಒಣಗಿದ ಮೇಲೆ ಅಗೇಟ್ ಕಲ್ಲಿನಿಂದ ಹುರುಪೆಗಳ ಅಂಚನ್ನಷ್ಟೇ ತಿಕ್ಕಿ, ಒಡಲನ್ನು ಹಾಗೇ ಬಿಡಿ.