ಡಿಸೆಂಬರ್ ಚಳಿಯಲ್ಲಿ ಕೈಕೊಟ್ಟ ಗ್ಯಾಸ್ ಗೀಸರ್

ನಮ್ಮದು ಮಲ್ಲೇಶ್ವರದಲ್ಲಿ ಮೇಲಿನ ಮಹಡಿ, ಬೋರ್‌ವೆಲ್ ನೀರು. ಒಂದು ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಗೀಸರ್‌ನಿಂದ ಉರಿ ಹೊತ್ತಿಸುವ ಕಿಡಿಯ ಟಿಕ್ ಟಿಕ್ ಸದ್ದೇ ಇಲ್ಲ.

'ಚಳಿಗೆ ಗ್ಯಾಸ್ ಹೆಪ್ಪುಗಟ್ಟಿದೆ' ಅಂದರು ಪಕ್ಕದ ಮನೆ ಅಂಕಲ್. ಅದು ಆಗದ ಮಾತು. ಸಿಲಿಂಡರ್‌ನಲ್ಲಿರುವುದು ಪ್ರೊಪೇನ್, ಬ್ಯೂಟೇನ್ ಮಿಶ್ರಣ. ಬ್ಯೂಟೇನ್ ಸುಮಾರು 0 ಡಿಗ್ರಿಯಲ್ಲೇ ಆವಿಯಾಗುತ್ತದೆ, ಪ್ರೊಪೇನ್ ಮೈನಸ್ 42ರಲ್ಲಿ. ನಮ್ಮ ಬೆಂಗಳೂರಿನ 15 ಡಿಗ್ರಿ ಅವಕ್ಕೆ ಚಳಿಯೇ ಅಲ್ಲ!

ಸದ್ದೇ ಇಲ್ಲ ಅಂದರೆ ನೋಡಬೇಕಾದ್ದು ಸೆಲ್ ಮತ್ತು ನೀರು. ದಪ್ಪ ಸೆಲ್ ಎರಡನ್ನೂ ಬದಲಿಸಿದೆ, ಪ್ರಯೋಜನವಿಲ್ಲ. ಈ ಗೀಸರ್‌ನಲ್ಲಿ ನೀರಿನ ಒತ್ತಡವೇ ಒಳಗಿನ ರಬ್ಬರ್ ಪೊರೆಯನ್ನು ತಳ್ಳಿ ಸ್ವಿಚ್ ಒತ್ತುತ್ತದೆ. ಮೇಲಿನ ಮಹಡಿಗೆ ಟ್ಯಾಂಕ್ ತೀರಾ ಹತ್ತಿರ, ಒತ್ತಡ ಮೊದಲೇ ಕಮ್ಮಿ. ಗ್ಯಾಸ್, ನೀರು ಎರಡನ್ನೂ ಬಂದ್ ಮಾಡಿ ನೀರು ಒಳಬರುವ ಪೈಪ್ ಬಿಚ್ಚಿದೆ. ಅಲ್ಲಿನ ಜಾಲರಿ ತುಂಬಾ ಮರಳು, ಬಿಳಿ ಸುಣ್ಣ. ವಿನೆಗರ್‌ನಲ್ಲಿ ನೆನೆಸಿ ಹಳೆ ಬ್ರಷ್‌ನಿಂದ ಉಜ್ಜಿ ಹಾಕಿದೆ. ಸದ್ದು ಬಂತು, ಉರಿಯೂ ಬಂತು.

ಆದರೆ ಉರಿ ಕೆಲವೇ ಸೆಕೆಂಡಿಗೆ ಆರಿತು. ಉರಿ ಇದೆಯಾ ಅಂತ ನೋಡುವ ಸೆನ್ಸರ್ ಕಡ್ಡಿಗೆ ಮಸಿ ಹಿಡಿದಿತ್ತು. ನಯವಾದ ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜಿದ ಮೇಲೆ ನಿಂತು ಉರಿಯಿತು.

ಗ್ಯಾಸ್ ಕೊಳವೆಯ ಜೋಡಣೆಗೆ ಸೋಪು ನೀರು ಹಚ್ಚಿ ನೋಡಿದೆ, ಗುಳ್ಳೆ ಬರಲಿಲ್ಲ. ಚಳಿ ಅಂತ ಬಚ್ಚಲಿನ ಕಿಟಕಿ ಮಾತ್ರ ಮುಚ್ಚಬೇಡಿ. ಗಾಳಿ ಸಾಲದೆ ಗ್ಯಾಸ್ ಉರಿದರೆ ಹುಟ್ಟುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಗೊತ್ತಾಗುವಷ್ಟರಲ್ಲಿ ಪ್ರಜ್ಞೆ ತಪ್ಪಿರುತ್ತದೆ.