ಥೆರಪಿಯ ಬಿಲ್ಲು ಬರೆಯಲು ನಾನು ಕಲಿತದ್ದು

ಶಿರಸಿಯಲ್ಲಿ ವಾಕ್ ಚಿಕಿತ್ಸೆಯ ಕೊಠಡಿ ತೆರೆದ ಹೊಸತರಲ್ಲಿ, ಬಿಲ್ಲು ಎಂದರೆ ರಸೀದಿ ಪುಸ್ತಕದಿಂದ ಹರಿದುಕೊಡುವ ಒಂದು ಹಾಳೆ ಎಂದಷ್ಟೇ ನಾನು ತಿಳಿದಿದ್ದೆ. ಕುಮಟಾದಿಂದ ಘಟ್ಟ ಹತ್ತಿ ಬರುತ್ತಿದ್ದ ಹುಡುಗನೊಬ್ಬನ ತಾಯಿ, ತಿರಸ್ಕೃತವಾದ ವಿಮೆ ಅರ್ಜಿಯನ್ನು ತಂದು ನನ್ನ ಮೇಜಿನ ಮೇಲಿಟ್ಟ ದಿನ ಆ ತಿಳಿವಳಿಕೆ ಬದಲಾಯಿತು.

ಹುಡುಗನಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಸ್ನಾಯುಗಳ ಮೇಲೆ ಹಿಡಿತ ಕಡಿಮೆಯಿರುವ ಸ್ಥಿತಿ. ಮನೆಯವರ ಬಳಿ ಆಯುಷ್ಮಾನ್ ಕಾರ್ಡ್ ಇತ್ತು. ಆದರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ಆ ರಕ್ಷಣೆ ಮುಖ್ಯವಾಗಿ ಆಸ್ಪತ್ರೆಯಲ್ಲಿ ದಾಖಲಾದವರಿಗೆ. ಕುರ್ಚಿಯಲ್ಲಿ ಮುಕ್ಕಾಲು ಗಂಟೆ ಕುಳಿತು ಹತ್ತಿಯ ಉಂಡೆ ಊದಿ, ‘ಪ’ ಅಕ್ಷರಕ್ಕೆ ತುಟಿ ಕೂಡಿಸಲು ಹೆಣಗುವ ಮಗು ಯಾವ ವಾರ್ಡಿಗೂ ದಾಖಲಾಗುವುದಿಲ್ಲ. ಅವನಿಗೆ ಒದಗುವುದು ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಮರ್ಥತೆ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗೆ ಅದು ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗೆ ಕೊಡುತ್ತದೆ. ನಿರಂತರ ಥೆರಪಿಗೆ ಅದರೊಳಗೇ ಒಂದು ಉಪಮಿತಿ, ಅಂದರೆ ಅದಕ್ಕೆಂದೇ ಬೇರೆಯಾಗಿ ಹಾಕಿದ ಗರಿಷ್ಠ ಮೊತ್ತ, ಇದೆ. ಮೊದಲು ಕೈಯಿಂದ ಖರ್ಚು ಮಾಡಿ, ಬಿಲ್ಲು ಕಳುಹಿಸಿ, ಆಮೇಲೆ ಹಣಕ್ಕೆ ಕಾಯಬೇಕು.

ತಿರಸ್ಕೃತವಾದ ಆ ಅರ್ಜಿಗೆ ನಾನು ಕೊಟ್ಟ ಬಿಲ್ಲಿನಲ್ಲಿದ್ದದ್ದು ಒಂದೇ ಸಾಲು: ‘ಮಾತಿನ ತರಬೇತಿ, 8 ಸಲ’. ಕೆಳಗೆ ಒಟ್ಟು ಮೊತ್ತ, ಸಹಿ. ಓದಿದವರಿಗೆ ಅದು ಮನೆಪಾಠದ ಲೆಕ್ಕದಂತೆ ಕಂಡಿದ್ದರೆ ತಪ್ಪು ನನ್ನದೇ. ವೈದ್ಯರ ಶಿಫಾರಸು ಚೀಟಿಯನ್ನೂ ಲಗತ್ತಿಸಿರಲಿಲ್ಲ.

ಅಂದಿನಿಂದ ಪ್ರತಿ ಮಗುವಿಗೂ ಒಂದು ದಾಖಲೆ ಪುಸ್ತಕ ಇಟ್ಟೆ. ದಿನಾಂಕ, ಅವಧಿ, ಆ ದಿನ ಮಾಡಿಸಿದ ಅಭ್ಯಾಸ, ತಾಯಿಯ ಸಹಿ. ಬಿಲ್ಲು ಹುಟ್ಟುವುದು ಈ ಪುಸ್ತಕದಿಂದ. ನನ್ನ ಹೆಸರಿನ ಕೆಳಗೆ, ವಾಕ್ ಚಿಕಿತ್ಸಕರನ್ನು ನೋಂದಾಯಿಸುವ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಬರೆಯುತ್ತೇನೆ. ದಿನನಿತ್ಯದ ಕೆಲಸಗಳನ್ನು ಅಭ್ಯಾಸ ಮಾಡಿಸಲು ವಾರಕ್ಕೆರಡು ದಿನ ಬರುವ ಆಕ್ಯುಪೇಷನಲ್ ಥೆರಪಿಸ್ಟ್ ಆ ಪರಿಷತ್ತಿನ ಪಟ್ಟಿಗೆ ಸೇರುವವರಲ್ಲವಾದ್ದರಿಂದ, ಅವರು ಪದವಿಯನ್ನೂ ಓದಿದ ಕಾಲೇಜನ್ನೂ ಬರೆದು ಪ್ರತ್ಯೇಕ ಬಿಲ್ಲು ಕೊಡುತ್ತಾರೆ. ಚಮಚ ಹಿಡಿಯಲು ಕಲಿಸುವುದೂ ತುಟಿ ಕೂಡಿಸಲು ಕಲಿಸುವುದೂ ಒಂದೇ ಕೊಠಡಿಯಲ್ಲಿ ನಡೆದರೂ ಕಾಗದದಲ್ಲಿ ಎರಡಾಗಿಯೇ ಇರಬೇಕೆಂಬುದು ನಾನು ಮಾಡಿಕೊಂಡ ನಿಯಮ.

ಕಷ್ಟವೆನಿಸಿದ್ದು ಮಳೆಗಾಲದಲ್ಲಿ. ದೇವಿಮನೆ ಘಟ್ಟದಲ್ಲಿ ಮಣ್ಣು ಕುಸಿದು ಎರಡು ವಾರ ಆ ತಾಯಿ-ಮಗನಿಗೆ ಬರಲಾಗಲಿಲ್ಲ. ತಿಂಗಳ ಕೊನೆಗೆ ತಾಯಿ, “ಮೇಡಂ, ಆ ನಾಲ್ಕು ದಿನದ್ದನ್ನೂ ಹಾಕಿಕೊಡ್ತೀರಾ? ಬಸ್ಸಿನ ಖರ್ಚಿಗಾದರೂ ಆಗ್ತದೆ” ಎಂದು ಮೆಲ್ಲಗೆ ಕೇಳಿದರು. ಮಗುವನ್ನು ಸೊಂಟದ ಮೇಲೆ ಹೊತ್ತು ಎರಡು ಬಸ್ಸು ಬದಲಿಸುವವರಿಗೆ ಇಲ್ಲವೆನ್ನುವುದು ಸುಲಭವಾಗಿರಲಿಲ್ಲ. ಆದರೂ ಹಾಕಲಿಲ್ಲ. ನಿರಾಮಯದಲ್ಲಿ ಪ್ರಯಾಣ ವೆಚ್ಚಕ್ಕೆಂದೇ ಸಣ್ಣದೊಂದು ಮೊತ್ತವಿದೆಯೆಂದು ತಿಳಿಸಿ, ಟಿಕೆಟ್‌ಗಳನ್ನು ಜೋಪಾನವಾಗಿಡಲು ಹೇಳಿದೆ. ಅವರು ಅವನ್ನೆಲ್ಲ ಎಸೆದಾಗಿತ್ತು.

ಎರಡನೆಯ ಅರ್ಜಿಗೆ ಹಣ ಬಂತು. ಆದರೆ ವರ್ಷವಿಡೀ ವಾರಕ್ಕೆರಡು ಸಲ ನಡೆಯಬೇಕಾದ ಚಿಕಿತ್ಸೆಗೆ ಉಪಮಿತಿ ಸಾಲುವುದಿಲ್ಲ. ಶಸ್ತ್ರಚಿಕಿತ್ಸೆಯಾದರೆ ಒಮ್ಮೆ ಮಾಡಿ ಮುಗಿಯುತ್ತದೆ. ತುಟಿಗೆ ‘ಪ’ ಬರಲು ಎಷ್ಟು ತಿಂಗಳೆಂದು ಯಾವ ವಿಮೆಯೂ ಮೊದಲೇ ಎಣಿಸಲಾರದು. ಮಿತಿ ಮುಗಿದ ತಿಂಗಳುಗಳಲ್ಲಿ ಅವರು ಹದಿನೈದು ದಿನಕ್ಕೊಮ್ಮೆ ಬರುತ್ತಾರೆ, ನಡುವಿನ ಅಭ್ಯಾಸವನ್ನು ತಾಯಿಯ ಮೊಬೈಲಿನಲ್ಲಿ ವಿಡಿಯೊ ಮಾಡಿ ಕೊಡುತ್ತೇನೆ. ಪಾಲಿಸಿಯ ವರ್ಷ ಮಾರ್ಚ್‌ಗೆ ಮುಗಿಯುವುದರಿಂದ, ನವೀಕರಣದ ನೆನಪಿಗೆ ಫೆಬ್ರವರಿಯಲ್ಲೇ ಅವರ ಪುಸ್ತಕದ ಮೇಲೆ ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತೇನೆ.